ಚಳಿಗೆ ಏಳದ ಲಾರಿ

ಆ ಮನೆಯ ಲಾರಿಗೆ ಎರಡು ಹೆಸರು. ಅಪ್ಪ ಅದನ್ನು ‘ದೊಡ್ಡವಳು’ ಎನ್ನುತ್ತಿದ್ದ, ಮಗ ಹುಟ್ಟುವ ಮೊದಲೇ ಮನೆಗೆ ಬಂದವಳು ಎಂಬ ಕಾರಣಕ್ಕೆ. ಅಮ್ಮ ‘ಸವತಿ’ ಎನ್ನುತ್ತಿದ್ದಳು, ಹೆಚ್ಚುಕಡಿಮೆ ಅದೇ ಕಾರಣಕ್ಕೆ. ಅಂಗಳವೆಲ್ಲ ಅದರದೇ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಲಾರಿಯ ಕನ್ನಡಿಯ ಕಂಬಿಗೆ, ಇನ್ನೊಂದು ತುದಿ ಅಡುಗೆಮನೆಯ ಕಿಟಕಿಯ ಸರಳಿಗೆ. ಲಾರಿ ಹೊರಡುವ ಮುಂಚೆ ಹಗ್ಗ ಬಿಚ್ಚಬೇಕು, ಬಂದ ಮೇಲೆ ಕಟ್ಟಬೇಕು. ಒಮ್ಮೆ ಬಿಚ್ಚಲು ಮರೆತು ಮನೆಮಂದಿಯ ಬನಿಯನ್, ಲಂಗಗಳೆಲ್ಲ ಹಾಲಿನ ಕೇಂದ್ರದವರೆಗೆ ಮೆರವಣಿಗೆ ಹೋಗಿ ಬಂದಿದ್ದವು. ಅಮ್ಮ ಆ ಕಡೆ ಮತ್ತೆ ಮುಖ ಹಾಕಿರಲಿಲ್ಲ.

ಲಾರಿಯ ಕೆಲಸ ಹಾಲಿನ ಸುತ್ತು. ಬೆಳಕು ಹರಿಯುವ ಮೊದಲೇ ಹೊರಟು, ದನ ಸಾಕಿದವರ ಮನೆಮನೆಯ ಮುಂದೆ ನಿಂತು, ಕ್ಯಾನುಗಳನ್ನು ಏರಿಸಿಕೊಂಡು, ಬಿಸಿಲೇರುವ ಮುಂಚೆ ಕೇಂದ್ರಕ್ಕೆ ಮುಟ್ಟಿಸುವುದು. ಅಪ್ಪ ಹರೆಯದಿಂದ ಇದೊಂದನ್ನೇ ಮಾಡಿದವನು. ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು ಅವನ ಕಣ್ಣೊಳಗೆ ದೀಪ ಹಾಕಿ ನೋಡಿ, “ಇನ್ಮೇಲೆ ಸ್ಟೇರಿಂಗ್ ಮುಟ್ಟಬೇಡಿ” ಎಂದರು. ಅಪ್ಪ ಮನೆಗೆ ಬಂದು ಕೀಲಿಯನ್ನು ಮಗನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟ. ಮಗ ಅದನ್ನು ಮೇಜಿನಿಂದ ಎತ್ತಿಕೊಂಡ. ಅಷ್ಟರಲ್ಲಿ ಅಧಿಕಾರ ಹಸ್ತಾಂತರ ಮುಗಿಯಿತು.

ಮಗ ಅದುವರೆಗೆ ಬೇರೆಯವರ ಹತ್ತಿರ ಸಣ್ಣ ವ್ಯಾನು ಓಡಿಸುತ್ತಿದ್ದವನು. ಕೈ ಚುರುಕು, ಬಾಯಿ ಇನ್ನೂ ಚುರುಕು. ಬೇಸಿಗೆಯಿಡೀ ಲಾರಿ ಅವನ ಮಾತು ಕೇಳಿತು. ಬಾಗಿಲು ಧಡ್ ಎನ್ನಿಸಿ ಕೀಲಿ ತಿರುಗಿಸಿದರೆ ಗುರ್ ಎಂದು ಎದ್ದುಬಿಡುತ್ತಿತ್ತು. ಸೊಸೆ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವವಳು. ಅವಳು ತನ್ನ ದುಡಿಮೆಯಲ್ಲಿ ಒಂದು ಫ್ಲಾಸ್ಕು ತಂದಳು.

“ಅತ್ತೆ, ಇಷ್ಟು ವರ್ಷ ಕತ್ತಲಲ್ಲೇ ಎದ್ದಿದ್ದೀರ. ಇನ್ನು ಆರಾಮಾಗಿ ಮಲ್ಕೊಳ್ಳಿ. ಮಲಗೋ ಮುಂಚೆ ಟೀ ಮಾಡಿ ಇದರಲ್ಲಿ ಹಾಕಿಟ್ರೆ ಬೆಳಗಾಗೋವರೆಗೂ ಬಿಸಿ ಇರತ್ತೆ.”

ಅಮ್ಮ ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಮೂಸಿದಳು. “ನಿನ್ನೆ ಟೀನ ಇವತ್ತು ಕುಡಿಯೋದಾ?”

“ಬಿಸಿ ಇರತ್ತಲ್ಲ ಅತ್ತೆ.”

“ಬಿಸಿ ಇದ್ದ ಮಾತ್ರಕ್ಕೆ ಇವತ್ತಿಂದಾಗತ್ತಾ?” ಎಂದಳು ಅಮ್ಮ. ಆದರೆ ಸೊಸೆಯ ಮನಸ್ಸು ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು. ಮಲಗಿದಳು. ನಿದ್ದೆ ಬಂತೋ ಇಲ್ಲವೋ ಅದು ಬೇರೆ ಮಾತು.

ಚಳಿ ಬಿದ್ದಿತು. ಆ ಊರಿನ ಚಳಿಗೆ ಮುಲಾಜಿಲ್ಲ. ನಲ್ಲಿಯ ನೀರು ಮುಟ್ಟಿದರೆ ಬೆರಳು ತನ್ನದೋ ಪಕ್ಕದವರದೋ ಗೊತ್ತಾಗದು. ಅಂಥ ಮೊದಲ ಬೆಳಗ್ಗೆ ಮಗ ಬಾಗಿಲು ಧಡ್ ಎನ್ನಿಸಿ ಸೆಲ್ಫ್ ಹೊಡೆದ. ಕರ್, ಕರ್, ಕರ್. ಹಿಂದಿನಿಂದ ಬಿಳಿ ಹೊಗೆ ದಂಡಿಯಾಗಿ ಬಂತು, ಎಂಜಿನ್ನು ಮಾತ್ರ ಹಿಡಿಯಲಿಲ್ಲ. ಮತ್ತೆ ಹೊಡೆದ, ಮತ್ತೆ ಹೊಗೆ. ಸ್ವಲ್ಪ ಹೊತ್ತಿಗೆ ಬ್ಯಾಟರಿಯೂ ಸುಸ್ತಾಗಿ ‘ಕ್ರ್’ ಎಂದು ಸುಮ್ಮನಾಯಿತು. ಬೀದಿಯ ಕ್ಷೌರಿಕ, ಪಕ್ಕದ ಮನೆಯ ಮೇಷ್ಟ್ರು ಬಂದು ಹಿಂದಿನಿಂದ ಕೈ ಕೊಟ್ಟರು. ಬೀದಿ ಇಳಿಜಾರಾಗಿದ್ದದ್ದು ಪುಣ್ಯ. ತುದಿಯಲ್ಲಿ ಲಾರಿ ಒಮ್ಮೆ ಮೈಯೆಲ್ಲ ನಡುಗಿಸಿ ಎದ್ದಿತು. ಮೇಷ್ಟ್ರ ಮುಖಕ್ಕೆ ಪೂರ್ತಿ ಮಸಿ.

ಮರುದಿನವೂ ಇದೇ, ಅದರ ಮರುದಿನವೂ ಇದೇ. ಹಾಲು ತಡವಾಯಿತು. ಒಂದು ಸುತ್ತಿನಲ್ಲಿ ಕೆಲವು ಕ್ಯಾನಿನ ಹಾಲು ಒಡೆದೂ ಹೋಯಿತು. ಕೇಂದ್ರದ ಮ್ಯಾನೇಜರು ಕ್ಯಾನಿನ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು, ಏನೂ ಬೈಯದೆ ಮುಚ್ಚಿದ. ಬೈದಿದ್ದರೇ ಚೆನ್ನಾಗಿತ್ತು.

“ನಿಮ್ಮಪ್ಪ ಇದ್ದಾಗ ನಾವು ಗಡಿಯಾರ ನೋಡ್ತಿರಲಿಲ್ಲ, ಲಾರಿ ಬಂತಾ ಅಂತ ನೋಡ್ತಿದ್ವಿ,” ಎಂದ. “ಈ ತಿಂಗಳು ಕಾಯ್ತೀನಿ. ಆಮೇಲೆ ಸುತ್ತನ್ನ ಬೇರೆಯವರಿಗೆ ಕೊಡಬೇಕಾಗತ್ತೆ. ನನ್ನ ಮೇಲೂ ಕೇಳೋರಿದ್ದಾರಪ್ಪ.”

ಸುತ್ತು ಹೋದರೆ ಲಾರಿ ಹೋದ ಹಾಗೆ. ಅಂಥ ಹಳೇ ಲಾರಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ನೇರ ಗುಜರಿಗೆ.

ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಬಿಸಿಲೇರಿದ ಮೇಲೆ ಹಲ್ಲುಕಡ್ಡಿ ಕಚ್ಚಿಕೊಂಡು ಬಂದ. ಲಾರಿ ಆಗಷ್ಟೇ ಸುತ್ತು ಮುಗಿಸಿ ಬಂದು ನಿಂತಿತ್ತು. ಕೀಲಿ ಮುಟ್ಟಿದ್ದೇ ತಡ, ಎದ್ದಿತು.

“ಇದಕ್ಕೇನಾಗಿದೆ?” ಎಂದ.

“ಬೆಳಿಗ್ಗೆ ಬಾ, ಗೊತ್ತಾಗತ್ತೆ,” ಎಂದ ಮಗ.

“ಬೆಳಿಗ್ಗೆ ನಾನೇ ಏಳಲ್ಲ, ಲಾರಿ ಎಲ್ಲಿ ಏಳತ್ತೆ?”

ಆದರೂ ಕೆಲಸಗಾರ. ಬ್ಯಾಟರಿ ನೋಡಿದ, ಡೀಸೆಲ್ ಫಿಲ್ಟರ್ ಬದಲಾಯಿಸಿದ, ಪೈಪುಗಳಲ್ಲಿ ಗಾಳಿ ಸೇರಿದೆಯೋ ಎಂದು ಒಂದೊಂದೇ ಸಡಿಲಿಸಿ ಬಿಗಿದ. ಕೊನೆಗೆ ಎಂಜಿನ್ನಿನ ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದಕ್ಕೂ ಬ್ಯಾಟರಿಯ ತಂತಿ ತಾಗಿಸಿ ತೋರಿಸಿದ. ಕಿರುಬೆರಳಿನಷ್ಟಿದ್ದ ಕಪ್ಪು ಕಡ್ಡಿಯ ತುದಿ ನೋಡನೋಡುತ್ತಿದ್ದಂತೆ ಮಂಕಾಗಿ ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ ಉರಿಯಿತು. ಸೊಸೆ ಹೊಲಿಗೆ ಬಿಟ್ಟು ಎದ್ದು ಬಂದು ನೋಡಿದಳು. ಅಷ್ಟು ದೊಡ್ಡ ಲಾರಿಯ ಪ್ರಾಣ ಇಷ್ಟು ಸಣ್ಣ ಕೆಂಡದಲ್ಲಿದೆಯಾ ಎಂದು ಅವಳಿಗೆ ಮೈ ಜುಂ ಎಂದಿತು.

“ಡೀಸೆಲ್ ಬಂಡಿಗೆ ಚಳೀಲಿ ಹೊಟ್ಟೆ ಬಿಸಿಯಾಗಬೇಕು ಕಣಕ್ಕ. ಅದಕ್ಕೇ ಇದು,” ಎಂದ ಮೆಕ್ಯಾನಿಕ್. “ಎಲ್ಲಾ ಸರಿಯಾಗೇ ಇದೆ. ಹೀಟ್ ಕೊಟ್ಟು ಹೊಡೀರಿ, ಅಷ್ಟೆ.”

“ಕೊಡ್ತೀನಲ್ಲ ಮಾರಾಯ,” ಎಂದ ಮಗ. ಅವನು ಕೊಡುತ್ತಿದ್ದುದು ನಿಜ. ಕೀಲಿಯನ್ನು ಅರ್ಧಕ್ಕೆ ತಿರುಗಿಸಿ ಒಂದು ಉಸಿರು ಬಿಟ್ಟು ಹೊಡೆಯುತ್ತಿದ್ದ. ವ್ಯಾನಿಗೆ ಅಷ್ಟು ಸಾಕಾಗುತ್ತಿತ್ತು.

ಇದೆಲ್ಲ ನಡೆಯುವಾಗ ಅಪ್ಪ ಜಗಲಿಯ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಮಗ ಅವನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನೀವು ಕೇಳಬಹುದು. ಗಂಡಸರಿಬ್ಬರು ಒಂದೇ ಸ್ಟೇರಿಂಗ್ ಹಿಡಿದ ಮನೆಯಲ್ಲಿ ನೀವು ಬಾಳಿಲ್ಲ ಎಂದಾಯಿತು.

ಮನೆಯವರು ತಮಗೆ ತೋಚಿದ ವೈದ್ಯವನ್ನೆಲ್ಲ ಮಾಡಿದರು. ಬ್ಯಾಟರಿಯನ್ನು ಬಿಚ್ಚಿ ತಂದು ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗಿಸಿದರು. ಬಾನೆಟ್ಟಿಗೆ ಕಂಬಳಿ ಹೊದಿಸಿದರು.

“ಅದು ನನ್ನ ಕಂಬಳಿ,” ಎಂದಳು ಅಮ್ಮ.

“ಒಂದೇ ಒಂದು ವಾರ ಅಮ್ಮ.”

“ಗಂಡನ್ನ ಕೊಟ್ಟೆ, ಅಂಗಳ ಕೊಟ್ಟೆ. ಇದೊಂದು ಉಳಿದಿತ್ತು ನೋಡು ಸವತಿಗೆ.”

ಕಂಬಳಿ ಹೊದ್ದ ಲಾರಿ ಬೆಳಿಗ್ಗೆ ಮತ್ತೆ ಬಿಳಿ ಹೊಗೆ ಉಗುಳಿತು. ಬಿಸಿನೀರು ಸುರಿದರು. ಆವಿ ಎದ್ದಿತು, ಲಾರಿ ಏಳಲಿಲ್ಲ. ಕ್ಷೌರಿಕ ತನ್ನ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡ. ಮೇಷ್ಟ್ರು ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ.

“ಅಪ್ಪಾ, ನಿನ್ನೆ ಮಧ್ಯಾಹ್ನ ಲಾರಿ ಒಳಗೆ ಏನು ಮಾಡ್ತಿದ್ರಿ?”

“ಕೂತಿದ್ದೆ.”

“ಸುಮ್ನೆ ಕೂತಿದ್ರಾ?”

“ಅದರಲ್ಲಿ ಕೂರೋದಕ್ಕೂ ಡಾಕ್ಟರ ಚೀಟಿ ಬೇಕಾ?”

“ನೀವು ಓಡಿಸೋವಾಗ ಒಂದು ದಿನವೂ ತಕರಾರು ಮಾಡದ ಲಾರಿ, ನಾನು ಹಿಡಿದ ಮೇಲೆ ಮಾಡತ್ತೆ ಅಂದ್ರೆ…”

ಅಪ್ಪನ ಕೈ ನಿಂತಿತು. “ಅಂದ್ರೆ? ಪೂರ್ತಿ ಹೇಳು.”

“ರೀ, ಸುಮ್ಮನಿರಿ,” ಎಂದಳು ಸೊಸೆ. ಮಗ ಸುಮ್ಮನಿರಲಿಲ್ಲ.

“ಏನೋ ಮಾಡಿದ್ದೀರ ಅನ್ಸತ್ತೆ. ನಾನು ಬಂದು ಕಾಲಿಗೆ ಬೀಳಲಿ ಅಂತ.”

ಅಪ್ಪ ತಟ್ಟೆಯಲ್ಲೇ ಕೈ ತೊಳೆದ. ಅನ್ನ ಇನ್ನೂ ಅರ್ಧ ಇತ್ತು. ಅಮ್ಮ ಮಗನ ಕಡೆ ನೋಡಿದ ನೋಟಕ್ಕೆ ಬಿಸಿನೀರು ಬೇಕಿರಲಿಲ್ಲ, ಎಂಥ ಎಂಜಿನ್ನೂ ಕಾಯುತ್ತಿತ್ತು.

“ನಿಮ್ಮಪ್ಪ ಆ ಸವತಿಗೆ ಜ್ವರ ಬಂದಾಗ ನನಗೆ ಬಂದಿದ್ದಕ್ಕಿಂತ ಹೆಚ್ಚು ಒದ್ದಾಡಿದೋರು. ಅವರು ಅದಕ್ಕೆ ಕೆಟ್ಟದ್ದು ಮಾಡ್ತಾರಾ? ತಿನ್ನೋ ಅನ್ನದ ಮುಂದೆ ಎಂಥ ಮಾತಾಡಿದೆಯೋ!”

ಮಗನಿಗೂ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಸಿಟ್ಟಿನಂತೆ ತೋರಿಸುವ ವಿದ್ಯೆ ಅವನಿಗೆ ಅಪ್ಪನಿಂದಲೇ ಬಂದಿತ್ತು. “ಹಾಗಿದ್ರೆ ನಾಳೆ ಅವರೇ ಎಬ್ಬಿಸಿ ತೋರಿಸಲಿ,” ಎಂದು ಎದ್ದು ಹೋದ.

ಅಪ್ಪ ಆ ಮಾತನ್ನು ಹಿಡಿದುಕೊಂಡ. ಮರುದಿನ ನಸುಕಿನಲ್ಲಿ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ಲಾರಿ ಹತ್ತಿದ. ಮನೆಯವರೆಲ್ಲ ಅಂಗಳದಲ್ಲಿ ನಿಂತರು. ಅಮ್ಮನೂ ಶಾಲು ಹೊದ್ದು ಬಂದಳು. ಬೀದಿಯವರೂ ಎದ್ದು ಬಂದಿದ್ದರು, ಮೇಷ್ಟ್ರು ಸ್ನಾನ ಮುಂದಕ್ಕೆ ಹಾಕಿದ್ದರು. ಅಪ್ಪ ಬಾಗಿಲು ಧಡ್ ಎನ್ನಿಸಿದ, ಕೀಲಿಯನ್ನು ಅರ್ಧಕ್ಕೆ ತಿರುಗಿಸಿದ, ಕೂತ. ಏನನ್ನೋ ನೆನಪಿಸಿಕೊಳ್ಳುವವನ ಹಾಗೆ ಕೂತೇ ಇದ್ದ.

“ಹೊಡೀರಿ ಅಪ್ಪಾ! ಬ್ಯಾಟರಿ ಇಳಿಯತ್ತೆ!” ಎಂದು ಮಗ ಕೂಗಿದ.

ಅಪ್ಪ ಬೆಚ್ಚಿ ಹೊಡೆದ. ಕರ್, ಕರ್, ಕರ್. ಬಿಳಿ ಹೊಗೆ. ಮತ್ತೆ ಹೊಡೆದ. ಹೊಗೆ.

ಅವನು ಕೆಳಗಿಳಿದ. ಮಗನಿಗೆ ಅಪ್ಪನ ಮೇಲಿದ್ದ ಅನುಮಾನ ಅಲ್ಲೇ ಕರಗಿಹೋಗಿತ್ತು. ಅದು ಕರಗಿದ ರೀತಿ ಮಾತ್ರ ಅವನಿಗೆ ಇಷ್ಟವಾಗಲಿಲ್ಲ.

“ಮರೆತಿದೆ ನನ್ನ,” ಎಂದ ಅಪ್ಪ ಅಮ್ಮನಿಗೆ.

“ಲಾರಿ ಯಾರನ್ನಾದ್ರೂ ನೆನಪಿಟ್ಕೊಳ್ಳತ್ತೇನ್ರೀ,” ಎಂದಳು ಅಮ್ಮ. ಇಷ್ಟು ವರ್ಷದಲ್ಲಿ ಅದನ್ನು ಅವಳು ಸವತಿ ಎನ್ನದೆ ಲಾರಿ ಎಂದದ್ದು ಅಂದೇ ಮೊದಲು.

ಗುಜರಿಯವನು ಬಂದ. ಲಾರಿಯ ಸುತ್ತ ಒಂದು ಸುತ್ತು ಹಾಕಿ, ತಗಡಿಗೆ ಅಲ್ಲಲ್ಲಿ ಬೆರಳಿನಿಂದ ತಟ್ಟಿದ. ತಿಂಗಳು ಮುಗಿದ ಮೇಲೆ ಬರುತ್ತೇನೆ ಎಂದ. ಅಪ್ಪ ಅವನಿಗೆ ಕೂರಲು ಕುರ್ಚಿ ಕೊಡಲಿಲ್ಲ, ಕುಡಿಯಲು ನೀರು ಕೊಟ್ಟ.

ಲಾರಿ ಎದ್ದ ದಿನ ಅದು ಏಳುತ್ತದೆಂದು ಯಾರೂ ಎಣಿಸಿರಲಿಲ್ಲ. ಮಗ ಎಂದಿನಂತೆ ಸೆಲ್ಫ್ ಹೊಡೆದು ಸೋತಿದ್ದ. ಲಾರಿ ನಡುಗಿದ ನಡುಕಕ್ಕೆ ಅದರ ಮೆಟ್ಟಿಲ ಮೇಲಿಟ್ಟಿದ್ದ ಫ್ಲಾಸ್ಕು ಉರುಳಿ ಬಿದ್ದು, ಒಳಗಿನ ಗಾಜು ಚೂರುಚೂರಾಯಿತು. ಮಗ ಅದನ್ನು ನೋಡಿ ಅಳುವುದೊಂದು ಬಾಕಿ.

ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು, “ಬಿಡು. ಹೋಗಿದ್ದು ಫ್ಲಾಸ್ಕು ತಾನೇ? ನಾನು ಟೀ ಮಾಡ್ತೀನಿ. ನೀನು ತಳ್ಳೋಕೆ ಯಾರನ್ನಾದ್ರೂ ಕರ್ಕೊಂಡು ಬಾ.”

ಮಗ ಬೀದಿಗೆ ಹೋದ. ಸೊಸೆ ಗಾಜಿನ ಚೂರು ಗುಡಿಸಲು ನಿಂತಳು. ತಳ್ಳುವಾಗ ಗೇರು ಹಾಕಲು ಒಬ್ಬರು ಒಳಗಿರಬೇಕಲ್ಲ ಎಂದು ಅಪ್ಪ ಹತ್ತಿ ಕೂತು, ಬಾಗಿಲು ಧಡ್ ಎನ್ನಿಸಿದ. ಕೈ ತಾನಾಗಿ ಕೀಲಿಯನ್ನು ಅರ್ಧಕ್ಕೆ ತಿರುಗಿಸಿತು. ಅಂಗಳದಲ್ಲಿ ಪೊರಕೆಯ ಸದ್ದು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಳಿಸಿದಳು, ಟೀ ಸೋಸಿದಳು, ಕಿಟಕಿಯ ಕೆಳಗಿನ ತಗಡಿನ ಡಬ್ಬಿಗೆ ಜರಡಿ ಕುಟ್ಟಿ ಚರಟ ಚೆಲ್ಲಿದಳು.

ಲಾರಿ ಎದ್ದಿತು.

ಕರ್ ಎನ್ನಲೇ ಇಲ್ಲ. ಕೀಲಿ ತಿರುಗಿದ್ದೇ ತಡ, ಒಂದು ಸಣ್ಣ ಕೆಮ್ಮು ಕೆಮ್ಮಿ, ಹಳೇ ದಿನಗಳ ಆ ದಪ್ಪ ದನಿಯಲ್ಲಿ ಎದ್ದು ನಿಂತಿತು. ಕಿಟಕಿಯ ಗಾಜು ಗದಗುಟ್ಟಿತು. ಸೊಸೆಯ ಕೈಯ ಪೊರಕೆ ಕೆಳಗೆ ಬಿತ್ತು. ಕ್ಷೌರಿಕನನ್ನು ಎಳೆದುಕೊಂಡು ಬರುತ್ತಿದ್ದ ಮಗ ಬೀದಿಯ ಮಧ್ಯದಲ್ಲೇ ನಿಂತುಬಿಟ್ಟ. ಎಲ್ಲರಿಗಿಂತ ಹೆಚ್ಚು ದಂಗಾದವನು ಅಪ್ಪ. ಅವನು ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ.

“ಏನು ಮಾಡಿದ್ರಿ ಅಪ್ಪಾ?”

“ಏನೂ ಇಲ್ಲ ಕಣೋ.”

“ಏನೋ ಮಾಡಿರಬೇಕು.”

“ಆಣೆಗೂ ಏನೂ ಇಲ್ಲ.”

ಅಮ್ಮ ಕಿಟಕಿಯಿಂದ ಲೋಟ ಚಾಚಿದಳು. ಅಪ್ಪ ಇಳಿದು ಬಂದು, ಎಂಜಿನ್ನು ಕಾಯುವವರೆಗೆ ಅಲ್ಲೇ ನಿಂತು ಕುಡಿದ. ವರ್ಷಗಟ್ಟಲೆ ಹಾಗೇ ಕುಡಿದವನು. ಆದರೆ ಆ ದಿನ ಟೀ ಗಂಟಲಲ್ಲಿ ಇಳಿಯುವಾಗ ಅವನ ಮಂಕು ಕಣ್ಣು ಒದ್ದೆಯಾಗಿತ್ತು.

ಮರುದಿನವೂ ಅಪ್ಪ ಕೂತ, ಲಾರಿ ಎದ್ದಿತು. ಅದರ ಮರುದಿನವೂ. ಹೊಸ ಫ್ಲಾಸ್ಕು ತರುತ್ತೇನೆಂದ ಸೊಸೆಗೆ ಅಮ್ಮ, “ಬೇಡ ಬಿಡು, ಹೇಗೂ ಎಚ್ಚರ ಇರ್ತೀನಿ,” ಎಂದಳು. ಅಪ್ಪನ ನಡಿಗೆಯೇ ಬದಲಾಯಿತು. ಜಗಲಿಯ ಕುರ್ಚಿ ಬಿಟ್ಟು ಅಂಗಳದಲ್ಲಿ ಕೈ ಹಿಂದೆ ಕಟ್ಟಿ ಓಡಾಡತೊಡಗಿದ. “ಕೈಗುಣ,” ಎಂದ ಕ್ಷೌರಿಕನಿಗೆ. ಕ್ಷೌರಿಕ ತನ್ನ ಸೊಂಟ ಮುಟ್ಟಿಕೊಂಡು ಹೌದೆಂದ. ಹಾಲು ಹೊತ್ತಿಗೆ ಮುಟ್ಟಿತು.

ಮಗನಿಗೆ ಮಾತ್ರ ಅನ್ನ ಇಳಿಯಲಿಲ್ಲ.

“ಒಂದು ಲಾರಿಗೆ ಇಬ್ಬರು ಡ್ರೈವರಾ?” ಎಂದ ಹೆಂಡತಿಯ ಹತ್ತಿರ. “ಈ ಚಳೀಲಿ ಅಪ್ಪನ ಎದೆ ಕಟ್ಟತ್ತೆ. ಒಂದು ದಿನ ಅವರು ಮಲಗಿದ್ರೆ ಲಾರಿನೂ ಮಲಗತ್ತೆ. ಆಗ ಮ್ಯಾನೇಜರಿಗೆ ಏನು ಹೇಳಲಿ, ನಮ್ಮಪ್ಪಂಗೆ ನೆಗಡಿ ಅಂತಲಾ? ಗುಜರಿಯವನಿಗೆ ಬಾ ಅಂತ ಹೇಳಿಬಿಡ್ತೀನಿ.”

“ಮಾವನ್ನ ಕೇಳಿ ಕಲೀಬಾರದಾ?”

“ಕೇಳಿದೆನಲ್ಲ. ಏನೂ ಇಲ್ಲ ಅಂತಾರೆ. ಏನೂ ಇಲ್ಲ ಅನ್ನೋದನ್ನ ಹೇಗೆ ಕಲೀಲಿ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ನಿಜಕ್ಕೂ ಏನೂ ಬಚ್ಚಿಡುತ್ತಿರಲಿಲ್ಲ. ತನ್ನ ಕೈ ಏನು ಮಾಡುತ್ತಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಗುಜರಿಯವನು ಬರುವ ದಿನ ಹತ್ತಿರವಾಯಿತು. ಆಗೊಂದು ಬೆಳಗ್ಗೆ ಅಮ್ಮನ ಟೀ ಜರಡಿಯ ಜಾಲರಿ ಕಿತ್ತುಬಂತು. ಹಳೇ ಜರಡಿ, ಪಾಪ, ಎಷ್ಟು ದಿನ ತಡೆದೀತು. ಚರಟವೆಲ್ಲ ಟೀಯ ಜೊತೆ ಲೋಟಕ್ಕೇ ಬಿತ್ತು. ಸೊಸೆ ಓಡಿಹೋಗಿ ಯೂನಿಫಾರ್ಮಿನ ಬಿಳಿ ಬಟ್ಟೆಯ ತುಂಡು ತಂದಳು. ಅತ್ತೆ ಸೊಸೆ ಆಚೀಚೆ ತುದಿ ಹಿಡಿದು ಟೀಯನ್ನು ಮತ್ತೆ ಬಟ್ಟೆಯಲ್ಲಿ ಸೋಸಿದರು.

ಅಂಗಳದಲ್ಲಿ ಅಪ್ಪ ಬಾಗಿಲು ಹಾಕಿಕೊಂಡು ಕೂತಿದ್ದ. ಕೀಲಿ ಅರ್ಧಕ್ಕೆ ತಿರುಗಿತ್ತು, ಕೈ ಕೀಲಿಯ ಮೇಲಿತ್ತು. ಮಗ ಹಗ್ಗ ಬಿಚ್ಚಿ ಸುತ್ತಿಟ್ಟ. ಅಪ್ಪ ಹೊಡೆಯಲಿಲ್ಲ. ಮಗ ಟೈರುಗಳಿಗೆ ಒದ್ದು ನೋಡಿ ಬಂದ. ಅಪ್ಪ ಇನ್ನೂ ಕೂತೇ ಇದ್ದ.

“ಅಪ್ಪಾ, ಹೊಡೀರಿ! ಹೊತ್ತಾಯ್ತು!”

“ಇರೋ, ಯಾಕೆ ಅವಸರ. ನಿಮ್ಮಮ್ಮ ಇನ್ನೂ ಕುಟ್ಟಿಲ್ಲ.”

ಹೇಳಿದವನೇ ಅಪ್ಪ ಬಾಯಿ ತೆರೆದುಕೊಂಡು ಉಳಿದ. ಮಗನೂ ಹಾಗೇ ನಿಂತ. ಕಿಟಕಿಯ ಒಳಗೆ ಅತ್ತೆ ಸೊಸೆ ಬಟ್ಟೆಯ ತುದಿ ಹಿಡಿದುಕೊಂಡೇ ತಿರುಗಿ ನೋಡಿದರು. ಬಟ್ಟೆಯಿಂದ ಟೀ ತೊಟ್ಟಿಕ್ಕುತ್ತಿತ್ತು.

“ಏನಂದ್ರಿ?” ಎಂದಳು ಅಮ್ಮ.

“ನೀನು… ಜರಡಿ ಕುಟ್ತೀಯಲ್ಲ,” ಎಂದ ಅಪ್ಪ. ಅವನು ಒಂದೊಂದೇ ಮಾತನ್ನು ಕತ್ತಲೆ ಕೋಣೆಯಲ್ಲಿ ತಡಕಿ ಎತ್ತಿಕೊಳ್ಳುವವನ ಹಾಗೆ ಆಡುತ್ತಿದ್ದ. “ಟಕ್ ಟಕ್ ಟಕ್ ಅಂತ. ಅದಾದ ಮೇಲೆ ತಾನೇ ನಾನು ಹೊಡೆಯೋದು.”

“ನಾನು ಕುಟ್ಟೋದು ಚರಟ ಬೀಳಲಿ ಅಂತ ಕಣ್ರೀ!”

“ನೀನು ಯಾವಾಗ ಸೋಸ್ತೀಯ?”

“ನೀವು ಬಾಗಿಲು ಧಡ್ ಅನ್ನಿಸಿದ ಮೇಲೆ. ಮುಂಚೆ ಸೋಸಿದ್ರೆ ಆರಿಹೋಗತ್ತಲ್ಲ.”

ಮೊದಲು ಎಚ್ಚೆತ್ತವಳು ಸೊಸೆ. ಬಟ್ಟೆಯ ತುದಿಯನ್ನು ಅತ್ತೆಯ ಕೈಗೆ ತುರುಕಿ, ಕಿತ್ತುಹೋದ ಜರಡಿಯನ್ನೇ ಎತ್ತಿಕೊಂಡು ಡಬ್ಬಿಯ ಅಂಚಿಗೆ ಕುಟ್ಟಿದಳು. ಟಕ್ ಟಕ್ ಟಕ್. ಅಪ್ಪನ ಕೈ ಅಪ್ಪನನ್ನು ಕೇಳದೆ ತಿರುಗಿತು. ಲಾರಿ ಎದ್ದಿತು. ಸೊಸೆಯ ತೋಳಿನ ಮೇಲೆ ರೋಮ ನಿಂತಿತ್ತು, ಚಳಿಯಿಂದಲ್ಲ.

ಆ ದಿನ ಸುತ್ತು ಮುಗಿಸಿ ಬಂದ ಮಗ ಊಟ ಕೂಡ ಮಾಡದೆ ಅಪ್ಪನನ್ನು ಲಾರಿಯಲ್ಲಿ ಕೂರಿಸಿಕೊಂಡ. ಈ ಬಾರಿ ಅವನು ಕೇಳಿದ ದನಿ ಬೇರೆ.

“ಅಪ್ಪಾ, ಅರ್ಧ ಕೀಲೀಲಿ ಹೀಟರ್ ಕಾಯತ್ತೆ. ನಾನು ಒಂದು ಉಸಿರು ಬಿಟ್ಟು ಹೊಡೀತಿದ್ದೆ. ನೀವು, ಅಮ್ಮ ಟೀ ಸೋಸಿ ಕುಟ್ಟೋವರೆಗೂ ಬಿಡ್ತಿದ್ರಿ. ಅಷ್ಟೇ ವ್ಯತ್ಯಾಸ. ಆದ್ರೆ ಇದಕ್ಕೊಂದು ದೀಪ ಇರಬೇಕಲ್ಲ? ಹೀಟ್ ಸಾಕು ಅಂತ ತಿಳಿಸೋಕೆ? ವ್ಯಾನಲ್ಲಿ ಇತ್ತು.”

“ದೀಪ?” ಅಪ್ಪ ಯೋಚಿಸಿದ. “ಇತ್ತು ಕಣೋ. ಹಳದಿ ದೀಪ. ಕತ್ತಲಲ್ಲಿ ಕಣ್ಣಿಗೆ ಹೊಡೀತಿತ್ತು ಅಂತ ಟೇಪು ಅಂಟಿಸಿಬಿಟ್ಟೆ. ನೀನು ಆಗ ತೊಟ್ಟಿಲಲ್ಲಿದ್ದೆ.”

ಮಗನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಧೂಳು ಕೂತು ಅದರದೇ ಬಣ್ಣಕ್ಕೆ ತಿರುಗಿದ್ದ ಟೇಪನ್ನು ಉಗುರಿನಿಂದ ಕೆರೆದ. ಕಡಲೆಯಷ್ಟು ದೊಡ್ಡ ಗಾಜು ಕಾಣಿಸಿತು.

ಅಮ್ಮನಿಗೆ ದೀಪದ ವಿಷಯ ಹೇಳಬಾರದೆಂದು ಸೊಸೆಯೇ ಹೇಳಿದಳು. “ಹೇಳಿದ್ರೆ ಅತ್ತೆ ಬೇಕೂಂತ ನಿಧಾನ ಮಾಡ್ತಾರೆ, ಇಲ್ಲಾ ಬೇಗ ಮಾಡ್ತಾರೆ.” ಹೊಸ ಜರಡಿ ಬಂತು. ಮರುದಿನ ನಸುಕಿನಲ್ಲಿ, ದೀಪ ಆರುವುದು ಯಾವಾಗ, ಅಮ್ಮ ಕುಟ್ಟುವುದು ಯಾವಾಗ ಎಂದು ನೋಡಲು ಮೂವರೂ ಲಾರಿಯ ಮುಂಭಾಗದಲ್ಲಿ ಒತ್ತೊತ್ತಾಗಿ ಕೂತರು. ಅಪ್ಪ ಸ್ಟೇರಿಂಗಿನ ಹಿಂದೆ, ಮಗ ನಡುವೆ, ಸೊಸೆ ಆ ತುದಿಗೆ. ಮೂವರ ಉಸಿರು ಗಾಜಿನ ಮೇಲೆ ಮಂಜು ಕಟ್ಟಿತು. ಅಪ್ಪ ಬಾಗಿಲು ಧಡ್ ಎನ್ನಿಸಿ ಕೀಲಿಯನ್ನು ಅರ್ಧಕ್ಕೆ ತಿರುಗಿಸಿದ.

ಹಳದಿ ದೀಪ ಹತ್ತಿತು. ಇಷ್ಟು ವರ್ಷ ಟೇಪಿನ ಹಿಂದೆ ಯಾರಿಗೂ ಕಾಣದೆ ದಿನಾ ಹತ್ತಿ ದಿನಾ ಆರುತ್ತಿದ್ದ ದೀಪ.

ಒಳಗೆ ಪಾತ್ರೆ ಇಳಿಸಿದ ಸದ್ದು. ಇಕ್ಕಳ ಇಟ್ಟ ಸದ್ದು. ಟೀ ಲೋಟಕ್ಕೆ ಬೀಳುವ ಸಣ್ಣ ಧಾರೆಯ ಸದ್ದು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಮಗ ರೆಪ್ಪೆ ಮುಚ್ಚದೆ ದೀಪ ನೋಡುತ್ತಿದ್ದ. ಧಾರೆ ಸಣ್ಣದಾಯಿತು, ಹನಿಯಾಯಿತು, ನಿಂತಿತು.

ದೀಪ ಆರಿತು. ಟಕ್ ಟಕ್ ಟಕ್.

ದೀಪ ಮೊದಲೋ ಸದ್ದು ಮೊದಲೋ ಮೂವರಲ್ಲಿ ಯಾರಿಗೂ ಹೇಳಲಾಗುತ್ತಿರಲಿಲ್ಲ. ಅಪ್ಪ ಕೀಲಿ ತಿರುಗಿಸುವುದನ್ನೇ ಮರೆತ. ಯಾರು ಯಾರಿಗೆ ಹೊಂದಿಕೊಂಡಿದ್ದರು? ಮೊದಮೊದಲು ಬೇಗ ಸೋಸಿದ ದಿನ ಲಾರಿ ಕೆಮ್ಮಿರಬೇಕು, ಆ ಕೆಮ್ಮು ಕೇಳಿದ ಕೈ ಮರುದಿನ ತಾನಾಗಿ ನಿಧಾನವಾಗಿರಬೇಕು. ಒಮ್ಮೆಯೂ ಲಾರಿ ಹತ್ತದ ಹೆಂಗಸು, ಸವತಿ ಎಂದು ಬೈಯುತ್ತಲೇ, ಗೋಡೆಯ ಈಚೆಯಿಂದ ದಿನವೂ ಅದನ್ನು ಎಬ್ಬಿಸಿ ಕಳಿಸಿದ್ದಳು. ಸೊಸೆಗೆ ತಾನು ತಂದ ಫ್ಲಾಸ್ಕು ನೆನಪಾಗಿ, ಒಡೆದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಕಿಟಕಿಯಿಂದ ಅಮ್ಮನ ದನಿ ಬಂತು. “ಯಾಕ್ರೀ, ಸದ್ದೇ ಇಲ್ಲ? ಸತ್ತುಹೋದ್ಳಾ ಸವತಿ?”

ಅಪ್ಪ ಇಳಿದು ಕಿಟಕಿಯ ಹತ್ತಿರ ಹೋದ. ಲೋಟ ಚಾಚಿದ್ದ ಅವಳ ಕೈಯನ್ನು ಲೋಟದ ಸಮೇತ ಹಿಡಿದುಕೊಂಡ. ಬೀದಿಯಲ್ಲಿ ಯಾರಾದರೂ ನೋಡಿಯಾರು ಎಂಬ ಹೆದರಿಕೆಯೂ ಅವನಿಗೆ ಆಗಲಿಲ್ಲ.

“ಇಷ್ಟು ದಿನ ನನ್ನ ಕೈಗುಣ ಅಂದ್ಕೊಂಡಿದ್ದೆ ಕಣೇ,” ಎಂದ. “ನಿಂದು.”

ದೀಪದ ಕಥೆ ಕೇಳಿ ಅಮ್ಮ ಕೈಯಲ್ಲಿದ್ದ ಜರಡಿಯನ್ನು ತಿರುಗಿಸಿ ನೋಡಿದಳು. ಆಮೇಲೆ ಶಾಲು ಹೊದ್ದು ಅಂಗಳಕ್ಕೆ ಬಂದು, ಲಾರಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. “ಒಂದು ಮಾತು ಹೇಳಬಾರದಿತ್ತಾ ನೀನಾದ್ರೂ,” ಎಂದಳು ಅದಕ್ಕೆ.

ಗುಜರಿಯವನು ಬಂದ ದಿನ ಮಗ ಅವನಿಗೆ ಕುರ್ಚಿ ಕೊಟ್ಟು, ಟೀ ಕೊಟ್ಟು ಕಳಿಸಿದ. ದೀಪ ಕಾಣುವಂತಾದ ಮೇಲೆ ಮಗನೊಬ್ಬನೇ ಸಾಕು. ಅಮ್ಮ ಏಳಬೇಕಾಗಿಲ್ಲ, ಅಪ್ಪ ಮಫ್ಲರ್ ಸುತ್ತಬೇಕಾಗಿಲ್ಲ. ಮಗ ಇಬ್ಬರಿಗೂ ಹಾಗೆಂದು ಹೇಳಿದ. ಅಪ್ಪ ಆಯಿತೆಂದ. ಅವನು ಆಯಿತೆಂದ ಬಗೆ ಮೇಜಿನ ಮೇಲೆ ಕೀಲಿ ಇಟ್ಟ ದಿನದ ಹಾಗೇ ಇತ್ತು.

ಮರುದಿನ ಅಮ್ಮ ಎದ್ದಳು. ಎಚ್ಚರ ಇರುವವಳು ಎಷ್ಟು ಹೊತ್ತು ಮಲಗಿಯಾಳು. ಒಲೆ ಹಚ್ಚಿ ಪಾತ್ರೆ ಇಟ್ಟಳು. ಅಪ್ಪನೂ ಎದ್ದ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಆ ಹೊತ್ತಿನಲ್ಲಿ ಎಂದೂ ಕಾಲಿಡದಿದ್ದ ಅಡುಗೆಮನೆಗೆ ಬಂದು ಅವಳ ಪಕ್ಕ ನಿಂತ. ಹೊರಗೆ ಬಾಗಿಲು ಧಡ್ ಎಂದಿತು. ಈ ಕಡೆಯಿಂದ ಆ ಸದ್ದು ಹೀಗೆ ಕೇಳುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅಮ್ಮ ಸೋಸತೊಡಗಿದಳು.

ಲಾರಿಯಲ್ಲಿ ಹಳದಿ ದೀಪ ಹತ್ತಿ ಆರಿತು. ಹಗ್ಗ ಸುತ್ತುತ್ತಿದ್ದ ಸೊಸೆ ಅದನ್ನು ನೋಡಿದಳು. “ಆರ್ತಲ್ರೀ, ಹೊಡೀರಿ.”

“ಇರು,” ಎಂದ ಮಗ. ಅವನು ಕಿಟಕಿಯ ಕಡೆ ನೋಡುತ್ತಿದ್ದ.

ಒಳಗೆ ಅಮ್ಮ ಜರಡಿ ಎತ್ತಿದವಳು ಕುಟ್ಟಲಿಲ್ಲ. ಪಕ್ಕದಲ್ಲಿ ಕೈ ಜೋತುಬಿಟ್ಟು ನಿಂತಿದ್ದ ಗಂಡನನ್ನು ಒಮ್ಮೆ ನೋಡಿ, ಅದನ್ನು ಅವನ ಬಲಗೈಗೆ ಕೊಟ್ಟಳು.

“ಹೊಡೀರಿ,” ಎಂದಳು.

ಅಪ್ಪ ಬಗ್ಗಿ ಡಬ್ಬಿಯ ಅಂಚಿಗೆ ಕುಟ್ಟಿದ. ಟಕ್ ಟಕ್ ಟಕ್. ಹೊರಗೆ ಲಾರಿ ಒಮ್ಮೆ ಕೆಮ್ಮಿ ಎದ್ದು ನಿಂತಿತು, ಕಿಟಕಿಯ ಗಾಜು ಗದಗುಟ್ಟಿತು. ಅವನು ಜರಡಿ ಹಿಡಿದುಕೊಂಡೇ ನಿಂತಿದ್ದ.

“ಅರ್ಧ ಚರಟ ಡಬ್ಬಿಯ ಹೊರಗೇ ಚೆಲ್ಲಿದಿರಿ,” ಎಂದಳು ಅಮ್ಮ. ಲಾರಿಯ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.